ಬಿಯರ್ ಪೀಪಾಯಿ, ಗ್ಯಾಂಗ್‌ಸ್ಟರ್ ಮತ್ತು ಪ್ರೇಕ್ಷಕ: 1931ರ 'ದಿ ಪಬ್ಲಿಕ್ ಎನಿಮಿ' ಬಗ್ಗೆ ಇಷ್ಟೊಂದು ತಕರಾರು ಏಕೆ?

ವಿಲಿಯಂ ವೆಲ್ಮನ್ ನಿರ್ದೇಶನದ, ಜೇಮ್ಸ್ ಕ್ಯಾಗ್ನಿ ನಟಿಸಿದ 'ದಿ ಪಬ್ಲಿಕ್ ಎನಿಮಿ' ತೆರೆಕಂಡದ್ದು 1931ರ ಏಪ್ರಿಲ್‌ನಲ್ಲಿ. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಕಳ್ಳಮದ್ಯದ ದಂಧೆಗಿಳಿದ ಇಬ್ಬರು ಷಿಕಾಗೋ ಹುಡುಗರ ಕತೆ ಅದು. ಅಮೆರಿಕದ ಕಾನೂನಿನಲ್ಲಿ ಆ ವರ್ಷದ ಚಿತ್ರಗಳ ಕೃತಿಸ್ವಾಮ್ಯಕ್ಕೆ 95 ವರ್ಷಗಳ ಆಯಸ್ಸು. ಆ ಲೆಕ್ಕದಲ್ಲಿ 2027ರ ಜನವರಿ 1ರಿಂದ ಅಲ್ಲಿ ಇದನ್ನು ಯಾರು ಬೇಕಾದರೂ ತೋರಿಸಬಹುದು, ಹಂಚಬಹುದು. ಹಳೆಯ ಕಪ್ಪುಬಿಳುಪು ಚಿತ್ರಗಳ ಗೊಡವೆಗೇ ಹೋಗದವರ ಕಣ್ಣಿಗೂ ಇದು ಬೀಳುವ ಕಾಲ ಬಂದಿದೆ.

ನೋಡಿದವರ ಮಾತು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲವರಿಗೆ ಇದು ಗ್ಯಾಂಗ್‌ಸ್ಟರ್ ಚಿತ್ರಗಳ ತಾಯಿಬೇರು, ಕೆಲವರಿಗೆ ಉಪದೇಶ ತುಂಬಿದ ಸಪ್ಪೆ ಸಿನಿಮಾ. ಕ್ಯಾಗ್ನಿಯಿಂದ ಕಣ್ಣು ಕೀಳಲಾಗಲಿಲ್ಲ ಎನ್ನುವವರೇ, ನಾಯಕನ ಅಣ್ಣನ ಪಾತ್ರ ಬಾಯಿ ತೆರೆದಾಗಲೆಲ್ಲ ಆಕಳಿಕೆ ಬಂತು ಎನ್ನುತ್ತಾರೆ. ಗುಂಡಿನ ಕಾಳಗ ಎಲ್ಲಿ ಎಂದು ಹುಡುಕುವವರಿದ್ದಾರೆ, ಇಷ್ಟು ಕ್ರೌರ್ಯ ಏಕೆ ಎಂದು ಮುಖ ತಿರುಗಿಸುವವರೂ ಇದ್ದಾರೆ. ಬಿಯರ್ ಮಾರುವುದಕ್ಕೆ ಇಷ್ಟೊಂದು ಹೆಣ ಬೀಳಬೇಕೇ ಎಂಬುದಂತೂ ಮೊದಲ ಸಲ ನೋಡುವವರಿಗೆ ಏಳುವ ಸಹಜ ಪ್ರಶ್ನೆ.

ಇದರಲ್ಲಿ ಒಂದಿಷ್ಟು ರುಚಿಭೇದ ಇದ್ದೇ ಇದೆ. ಆದರೆ ಹೆಚ್ಚಿನ ಗೊಂದಲಕ್ಕೆ ಕಾರಣ ಬೇರೆ. ಈ ಚಿತ್ರ ಬಂದಾಗ ಅದರೊಳಗಿನ ಅಪರಾಧ ಇನ್ನೂ ಹಳೆಯ ಸುದ್ದಿಯಾಗಿರಲಿಲ್ಲ. ಚಿತ್ರಮಂದಿರದಿಂದ ಹೊರಬಿದ್ದ ಪ್ರೇಕ್ಷಕ ಮನಸ್ಸು ಮಾಡಿದರೆ ಅದೇ ರಾತ್ರಿ, ಅಂಥದ್ದೇ ಹುಡುಗರು ತಲುಪಿಸಿದ ಬಿಯರನ್ನು ಕುಡಿಯಬಹುದಿತ್ತು. ಆ ಸಂಬಂಧ ಅರ್ಥವಾದರೆ ತಕರಾರಿನ ಅರ್ಧ ಭಾಗ ಬಿಡಿಸಿಕೊಳ್ಳುತ್ತದೆ.

ಕತೆ ಇಷ್ಟು

1909ರಲ್ಲಿ ಚಿತ್ರ ಶುರುವಾಗುತ್ತದೆ. ದನಗಳ ದೊಡ್ಡಿಗಳು, ಕಾರ್ಖಾನೆ, ಮೂಲೆಯಲ್ಲೊಂದು ಪಾನಗೃಹ. ಬಕೆಟ್ಟಿನಲ್ಲಿ ಬಿಯರ್ ಹೊತ್ತು ಸಾಗುವವರು ಬೀದಿಯಲ್ಲಿ ಮಾಮೂಲು ನೋಟ. ಟಾಮ್ ಪವರ್ಸ್ ಮತ್ತು ಮ್ಯಾಟ್ ಡಾಯ್ಲ್ ಎಂಬ ಇಬ್ಬರು ಹುಡುಗರು ಆ ಬಕೆಟ್ಟಿಗೇ ಬಾಯಿ ಹಚ್ಚುತ್ತಾರೆ. ಟಾಮ್‌ನ ತಂದೆ ಪೊಲೀಸ್, ಬೆಲ್ಟು ತೆಗೆದರೆ ಹಾಕುವವನಲ್ಲ. ಪುಟಿ ನೋಸ್ ಎಂಬ ಪುಡಿಗಳ್ಳ ಹುಡುಗರಿಗೆ ಕಳ್ಳತನ ಕಲಿಸಿ, ಕೆಲಸ ಕೆಟ್ಟಾಗ ಕೈಕೊಡುತ್ತಾನೆ.

ಕತೆ 1915ಕ್ಕೆ, 1917ಕ್ಕೆ, ಅಲ್ಲಿಂದ 1920ಕ್ಕೆ ಹಾರುತ್ತದೆ. ಪಾನನಿಷೇಧ ಜಾರಿಯಾಗುತ್ತಲೇ ಪ್ಯಾಡಿ ರಯನ್ ಮತ್ತು ನೇಲ್ಸ್ ನೇಥನ್ ಎಂಬ ದೊಡ್ಡ ಕುಳಗಳ ಕೈಕೆಳಗೆ ಟಾಮ್ ಮತ್ತು ಮ್ಯಾಟ್ ಬಿಯರ್ ವಸೂಲಿಯ ಆಳುಗಳಾಗುತ್ತಾರೆ. ಕಾರು, ಸೂಟು, ಹೋಟೆಲ್ ಕೋಣೆ, ಹೆಂಗಸರು ಬರುತ್ತಾರೆ. ಟ್ರ್ಯಾಮ್ ಕಂಡಕ್ಟರ್ ಕೆಲಸ ಮಾಡಿಕೊಂಡು ರಾತ್ರಿಶಾಲೆಗೆ ಹೋಗುತ್ತಿದ್ದ ಅಣ್ಣ ಮೈಕ್ ಮಹಾಯುದ್ಧಕ್ಕೆ ಹೋಗಿ ಜರ್ಜರಿತನಾಗಿ ಮರಳುತ್ತಾನೆ. ನೇಥನ್ ಸತ್ತ ಮೇಲೆ ಎದುರಾಳಿ ಗುಂಪು ಮೇಲೇರಿ ಬರುತ್ತದೆ. ಮೊದಲು ಮ್ಯಾಟ್, ಆಮೇಲೆ ಟಾಮ್ ಸಾಯುತ್ತಾರೆ. ಟಾಮ್‌ನನ್ನು ಪೊಲೀಸರು ಹಿಡಿಯುವುದೂ ಇಲ್ಲ, ನ್ಯಾಯಾಲಯ ಶಿಕ್ಷಿಸುವುದೂ ಇಲ್ಲ. ಅವನ ಲೆಕ್ಕ ಚುಕ್ತಾ ಮಾಡುವುದು ಅದೇ ದಂಧೆಯ ಇನ್ನೊಂದು ಗುಂಪು.

ನಿಷೇಧವಾದದ್ದು ಏನು?

ಅಮೆರಿಕದ ಸಂವಿಧಾನದ 18ನೇ ತಿದ್ದುಪಡಿಗೆ 1919ರ ಜನವರಿಯಲ್ಲಿ ರಾಜ್ಯಗಳ ಅಂಗೀಕಾರ ಸಿಕ್ಕಿತು. ಒಂದು ವರ್ಷದ ಗಡುವು ಮುಗಿದು, 1920ರ ಜನವರಿ 17ರಿಂದ ಅದು ಜಾರಿಗೆ ಬಂತು. ಅದನ್ನು ಜಾರಿ ಮಾಡುವ ನಿಯಮಗಳೆಲ್ಲ ಇದ್ದದ್ದು ವೋಲ್‌ಸ್ಟೆಡ್ ಕಾಯ್ದೆಯಲ್ಲಿ. ಅಧ್ಯಕ್ಷ ವುಡ್ರೊ ವಿಲ್ಸನ್ ಆ ಕಾಯ್ದೆಗೆ ತಡೆಯೊಡ್ಡಿದರೂ ಸಂಸತ್ತು ಅವರನ್ನು ಮೀರಿ ಅದನ್ನು ಅಂಗೀಕರಿಸಿತು. ಶೇಕಡಾ 0.5ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಯಾವ ಪೇಯವನ್ನೂ ತಯಾರಿಸುವಂತಿಲ್ಲ, ಸಾಗಿಸುವಂತಿಲ್ಲ, ಮಾರುವಂತಿಲ್ಲ.

ಕುಡಿಯುವಂತಿಲ್ಲ ಎಂದು ಮಾತ್ರ ಅದರಲ್ಲಿ ಇರಲಿಲ್ಲ! ಗಡುವಿಗೆ ಮೊದಲೇ ಕೊಂಡು ಮನೆಯಲ್ಲಿ ಕೂಡಿಟ್ಟುಕೊಂಡದ್ದನ್ನು ಕುಡಿದರೆ ತಪ್ಪಲ್ಲ. ಚಿತ್ರದಲ್ಲಿ 1920ರ ಭಾಗ ಆರಂಭವಾಗುವುದೇ ಈ ಕೊನೆಯ ಗಳಿಗೆಯ ನೂಕುನುಗ್ಗಲಿನಿಂದ. ಮದ್ಯದಂಗಡಿಯ ಮುಂದೆ ಜಾತ್ರೆ ನೆರೆದಿರುತ್ತದೆ. ಹೂವಿನಂಗಡಿಯ ಗಾಡಿಯಿಂದ ಹೂವನ್ನೆಲ್ಲ ಹೊರಗೆಸೆದು ಬಾಟಲಿ ತುಂಬುತ್ತಾರೆ, ಮಗುವಿನ ತಳ್ಳುಗಾಡಿಯಲ್ಲೂ ಬಾಟಲಿಗಳನ್ನು ಪೇರಿಸುತ್ತಾರೆ. ಇವರಲ್ಲಿ ಯಾರೂ ಗ್ಯಾಂಗ್‌ಸ್ಟರ್‌ಗಳಲ್ಲ, ಎಲ್ಲರೂ ಮರ್ಯಾದಸ್ಥ ಸಂಸಾರಿಗಳು. ಮುಂದೆ ಟಾಮ್‌ನ ಧಣಿಗಳಿಗೆ ಗಿರಾಕಿಗಳಾಗುವವರು ಇವರೇ. ಮಾತಿಲ್ಲದೆ ಇಷ್ಟನ್ನು ಹೇಳಿ ಮುಗಿಸುವ ಈ ಒಂದೆರಡು ನಿಮಿಷ ಇಡೀ ಚಿತ್ರದ ಅತ್ಯಂತ ಜಾಣ ಭಾಗ ಎಂದು ನನ್ನ ಎಣಿಕೆ. ಹಲವರು ಇದನ್ನು ತಮಾಷೆಯೆಂದುಕೊಂಡು ದಾಟಿಬಿಡುತ್ತಾರೆ.

ಕಾನೂನಿಗೆ ವಿನಾಯಿತಿಗಳೂ ಇದ್ದವು. ಚರ್ಚಿನ ಪೂಜೆಗೆ ದ್ರಾಕ್ಷಾರಸ ಬಳಸಬಹುದಿತ್ತು. ವೈದ್ಯರ ಚೀಟಿಯಿದ್ದರೆ ಔಷಧದಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು, ಹತ್ತು ದಿನಕ್ಕೆ ಒಂದು ಪೈಂಟ್, ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಈ ಚಿತ್ರದ ಮೂಲ ಕತೆ ಬರೆದ ಇಬ್ಬರಲ್ಲಿ ಒಬ್ಬರಾದ ಕುಬೆಕ್ ಗ್ಲಾಸ್ಮನ್ ಷಿಕಾಗೋದಲ್ಲಿ ಔಷಧದಂಗಡಿ ನಡೆಸಿದವರು, ಇನ್ನೊಬ್ಬ ಲೇಖಕ ಜಾನ್ ಬ್ರೈಟ್ ಅದೇ ಅಂಗಡಿಯಲ್ಲಿ ದುಡಿದವರು. ಆ ಊರಿನ ಮದ್ಯ ವ್ಯವಹಾರ ಅವರಿಗೆ ಗೊತ್ತಿದ್ದದ್ದು ಪತ್ರಿಕೆ ಓದಿ ಮಾತ್ರವಲ್ಲ.

ಬಿಯರ್ ಬರುತ್ತಿದ್ದದ್ದು ಎಲ್ಲಿಂದ?

ಚಿತ್ರದಲ್ಲಿ ಲೀಮನ್ ಎಂಬ ಪ್ರತಿಷ್ಠಿತ ಬಿಯರ್ ಕಾರ್ಖಾನೆಯ ಮಾಲೀಕ ಗ್ಯಾಂಗ್‌ಸ್ಟರ್‌ಗಳ ಜೊತೆ ಪಾಲುದಾರಿಕೆಗೆ ಕೂರುತ್ತಾನೆ. ದಂಧೆ ಬೇಕು, ಹೆಸರು ಮಾತ್ರ ಹೊರಗೆ ಬರಬಾರದು. ಕಾರ್ಖಾನೆಗಳೇ ಮುಚ್ಚಿರಬೇಕಲ್ಲ, ಇವನು ಬಿಯರ್ ತಯಾರಿಸುವುದು ಹೇಗೆ ಎಂದು ನೋಡುವವರು ತಬ್ಬಿಬ್ಬಾಗುತ್ತಾರೆ.

ಇದರ ಕೀಲಿ ಆ 0.5ರಲ್ಲಿದೆ. ಅಷ್ಟು ಕಡಿಮೆ ಆಲ್ಕೊಹಾಲ್ ಇರುವ ಸಪ್ಪೆ ಬಿಯರನ್ನು ಪರವಾನಗಿ ಪಡೆದು ತಯಾರಿಸಬಹುದಿತ್ತು. ಅದಕ್ಕೆ ಕಾರ್ಖಾನೆಗಳು ಹಿಡಿಯುತ್ತಿದ್ದ ದಾರಿ ನೇರವಾದದ್ದು: ಮೊದಲು ಅಸಲಿ ಬಿಯರನ್ನೇ ಹುದುಗಿಸಿ, ಆಮೇಲೆ ಅದರಿಂದ ಆಲ್ಕೊಹಾಲನ್ನು ತೆಗೆಯುವುದು. ಹೀಗಾಗಿ ತಯಾರಿಕೆಯ ಒಂದು ಹಂತದಲ್ಲಿ ಕಾರ್ಖಾನೆಯೊಳಗೆ ಅಸಲಿ ಬಿಯರ್ ಇರುವುದು ಕಾನೂನುಬದ್ಧ. ಆ ಹಂತದಲ್ಲೇ ಪೀಪಾಯಿಗಳು ಹಿಂಬಾಗಿಲಿನಿಂದ ಲಾರಿ ಹತ್ತಿದರೆ ಅದೇ ಕಳ್ಳಮಾಲು. ಸಪ್ಪೆ ಬಿಯರಿಗೆ ಮಾರುವ ಜಾಗದಲ್ಲಿ ಆಲ್ಕೊಹಾಲ್ ಚುಚ್ಚಿ ಕೊಡುವ ಪದ್ಧತಿಯೂ ಇತ್ತು.

ಗಟ್ಟಿ ಮದ್ಯಕ್ಕೆ ಬೇರೆ ದಾರಿಗಳಿದ್ದವು. ಕೆನಡಾದಿಂದ ದೋಣಿ, ಲಾರಿಗಳಲ್ಲಿ ಬರುತ್ತಿತ್ತು, ಡೆಟ್ರಾಯಿಟ್ ನದಿ ಅದರ ಹೆದ್ದಾರಿಯಾಗಿತ್ತು. ಕಾರ್ಖಾನೆಗಳಿಗೆಂದು ತಯಾರಾಗುವ ಕೈಗಾರಿಕಾ ಆಲ್ಕೊಹಾಲನ್ನು ಕದ್ದು ಮತ್ತೆ ಭಟ್ಟಿ ಇಳಿಸುವವರಿದ್ದರು. ಯಾರೂ ಕುಡಿಯದಿರಲೆಂದು ಸರ್ಕಾರವೇ ಅದಕ್ಕೆ ಮೆಥನಾಲ್‌ನಂಥ ವಿಷ ಬೆರೆಸಿರುತ್ತಿತ್ತು. ನಮ್ಮ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದದ್ದು ನೆನಪಿರಬಹುದು. ಬೇರೆಡೆಗೆ ಸಾಗಿಸಿದರೆ ಗೊತ್ತಾಗಲಿ ಎಂಬ ಉಪಾಯ ಅದು, ಬಣ್ಣ ತೆಗೆಯುವ ಖದೀಮರೂ ಹುಟ್ಟಿಕೊಂಡರು. ಅಮೆರಿಕದಲ್ಲಿ ಬಣ್ಣದ ಜಾಗದಲ್ಲಿ ವಿಷವಿತ್ತು. ಅದನ್ನು ಸರಿಯಾಗಿ ತೆಗೆಯದೆ ಮಾರಿದಲ್ಲೆಲ್ಲ ಕುಡಿದವರು ಕುರುಡರಾದರು, ಸತ್ತರು.

ಇನ್ನೊಂದು ಮೂಲವೆಂದರೆ ನಿಷೇಧಕ್ಕೆ ಮೊದಲೇ ತಯಾರಾಗಿ, ಸರ್ಕಾರದ ಮುದ್ರೆ ಬಿದ್ದ ಉಗ್ರಾಣಗಳಲ್ಲಿ ಕೂತಿದ್ದ ವಿಸ್ಕಿ. ಟಾಮ್ ಮತ್ತು ಮ್ಯಾಟ್ ಮಾಡುವ ಮೊದಲ ದೊಡ್ಡ ಕಳ್ಳತನ ಇದೇ. ಪೆಟ್ರೋಲ್ ಸಾಗಿಸುವ ಟ್ಯಾಂಕರ್ ಲಾರಿಯನ್ನು ಉಗ್ರಾಣದ ಪಕ್ಕಕ್ಕೆ ತಂದು ನಿಲ್ಲಿಸಿ, ಒಳಗಿನ ಪೀಪಾಯಿಗಳಿಂದ ಕೊಳವೆಯಲ್ಲಿ ಮದ್ಯವನ್ನು ಹೊರಕ್ಕೆಳೆಯುತ್ತಾರೆ.

ಇನ್ನು ಹೆಣಗಳ ಪ್ರಶ್ನೆ. ಕಾನೂನಿನೊಳಗಿನ ವ್ಯಾಪಾರದಲ್ಲಿ ಬಾಕಿ ಕೊಡದವನ ಮೇಲೆ ದಾವೆ ಹೂಡಬಹುದು, ಮಾಲು ಕದ್ದರೆ ದೂರು ಕೊಡಬಹುದು, ಬೇರೆಯವನು ಕಡಿಮೆ ಬೆಲೆಗೆ ಮಾರಿದರೆ ತಾನೂ ಬೆಲೆ ಇಳಿಸಬಹುದು. ಕಳ್ಳಮದ್ಯದವನಿಗೆ ಈ ಯಾವ ದಾರಿಯೂ ಇಲ್ಲ. ಒಪ್ಪಂದ ಮುರಿದವನಿಗೆ ಬುದ್ಧಿ ಕಲಿಸಲು ಅವನ ಬಳಿ ಇರುವುದು ತೋಳು ಮತ್ತು ಬಂದೂಕು. ಟಾಮ್ ಗುಟ್ಟಿನ ಬಾರಿಗೆ ನುಗ್ಗಿ, ನಲ್ಲಿಯಿಂದ ಬರುತ್ತಿರುವುದು ಬೇರೆ ಗುಂಪಿನ ಬಿಯರ್ ಎಂದು ರುಚಿ ನೋಡಿಯೇ ಕಂಡುಹಿಡಿದು, ಅದನ್ನು ಬಾರಿನವನ ಮುಖಕ್ಕೇ ಉಗಿಯುತ್ತಾನೆ. ಒರಟುತನದ ಪ್ರದರ್ಶನ ಎಂದು ಕಾಣುವ ಈ ದೃಶ್ಯ ವಾಸ್ತವದಲ್ಲಿ ವಸೂಲಿ ಮತ್ತು ವ್ಯಾಪ್ತಿ ರಕ್ಷಣೆ. ಷಿಕಾಗೋದ ಬೀದಿಗಳಲ್ಲಿ ನಡೆದದ್ದೂ ಅದೇ. ಕಳ್ಳಮದ್ಯದ ಗುಂಪೊಂದರ ನಾಯಕ ಡೀನ್ ಓಬ್ಯಾನಿಯನ್ 1924ರ ನವೆಂಬರ್‌ನಲ್ಲಿ ತನ್ನ ಹೂವಿನಂಗಡಿಯಲ್ಲೇ ಗುಂಡಿಗೆ ಬಲಿಯಾದ, ಅವನ ಜಾಗಕ್ಕೆ ಬಂದ ಹೈಮಿ ವೈಸ್ 1926ರಲ್ಲಿ. 1929ರ ಫೆಬ್ರುವರಿ 14ರಂದು ಒಂದು ಗ್ಯಾರೇಜಿನಲ್ಲಿ ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಕೊಂದರು.

ಚಿತ್ರದಲ್ಲಿ ಕೆಲವರು ನಂಬದ ಒಂದು ಪ್ರಸಂಗಕ್ಕೂ ಇಲ್ಲೇ ಮೂಲವಿದೆ. ನೇಲ್ಸ್ ನೇಥನ್ ಕುದುರೆಯಿಂದ ಬಿದ್ದು ಸಾಯುತ್ತಾನೆ. ಟಾಮ್ ಮತ್ತು ಮ್ಯಾಟ್ ಲಾಯಕ್ಕೆ ಹೋಗಿ, ಕುದುರೆಯ ಬೆಲೆ ಕೇಳಿ, ಹಣ ಎಣಿಸಿಕೊಟ್ಟು ಅದನ್ನು ಕೊಲ್ಲುತ್ತಾರೆ. ಓಬ್ಯಾನಿಯನ್ ಗುಂಪಿನ ಸ್ಯಾಮ್ಯುಯೆಲ್ 'ನೇಲ್ಸ್' ಮಾರ್ಟನ್ 1923ರಲ್ಲಿ ಸತ್ತದ್ದು ಕುದುರೆ ಸವಾರಿಯ ಅಪಘಾತದಲ್ಲೇ. ಅವನ ಗೆಳೆಯರು ಕುದುರೆಗೆ ಮರಣದಂಡನೆ ಕೊಟ್ಟರೆಂಬುದು ಷಿಕಾಗೋದ ದಂತಕತೆ.

ಪರದೆಯ ಮೇಲೆ ಮಾರುವವನು, ಕುರ್ಚಿಯಲ್ಲಿ ಕೊಳ್ಳುವವನು

ಈಗ 1931ರ ಪ್ರೇಕ್ಷಕನ ಜಾಗದಲ್ಲಿ ಕುಳಿತು ನೋಡಬೇಕು. ನಿಷೇಧ ಇನ್ನೂ ಜಾರಿಯಲ್ಲಿದೆ. ಅದನ್ನು ಜಾರಿ ಮಾಡಲು ಆರಂಭದಲ್ಲಿ ಇಡೀ ದೇಶಕ್ಕೆ ಇದ್ದ ಒಕ್ಕೂಟ ಸರ್ಕಾರದ ಅಧಿಕಾರಿಗಳು ಸುಮಾರು 1,500. ಆ ಜನವರಿಯಲ್ಲಷ್ಟೇ ಸರ್ಕಾರ ನೇಮಿಸಿದ್ದ ವಿಕರ್‌ಶ್ಯಾಮ್ ಆಯೋಗ, ಕಾನೂನು ಸರಿಯಾಗಿ ಜಾರಿಯಾಗುತ್ತಿಲ್ಲ ಎಂದು ವಿವರವಾಗಿ ಬರೆದು, ಆದರೂ ರದ್ದು ಮಾಡುವುದು ಬೇಡ ಎಂದು ಷರಾ ಹಾಕಿತ್ತು. ಆರ್ಥಿಕ ಕುಸಿತದಿಂದ ಜನ ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಷಿಕಾಗೋದ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಇನ್ನೂ ಹೊರಗೇ ಇದ್ದಾನೆ. ಅವನಿಗೆ 11 ವರ್ಷಗಳ ಶಿಕ್ಷೆಯಾಗುವುದು ಚಿತ್ರ ಬಂದ ಆರು ತಿಂಗಳ ಮೇಲೆ, ಅದೂ ತೆರಿಗೆ ವಂಚನೆಗೆ.

ಚಿತ್ರದ ಶೀರ್ಷಿಕೆಯೂ ಆಗಿನ ಪತ್ರಿಕೆಗಳಿಂದ ಎತ್ತಿಕೊಂಡದ್ದು. 1930ರ ಏಪ್ರಿಲ್‌ನಲ್ಲಿ ಷಿಕಾಗೋ ಕ್ರೈಮ್ ಕಮಿಷನ್ 28 ಹೆಸರುಗಳ 'ಸಾರ್ವಜನಿಕ ಶತ್ರು'ಗಳ ಪಟ್ಟಿ ಹೊರಡಿಸಿತ್ತು, ಮೊದಲ ಹೆಸರು ಕಪೋನ್‌ನದು. ಈ ಕಮಿಷನ್ ಸರ್ಕಾರದ್ದಲ್ಲ, ನಗರದ ವ್ಯಾಪಾರಿಗಳೂ ಗಣ್ಯರೂ ಕಟ್ಟಿಕೊಂಡ ನಾಗರಿಕ ಸಂಸ್ಥೆ.

ಇಂಥ ಹೊತ್ತಿನಲ್ಲಿ ಊಟದ ಮೇಜಿನ ದೃಶ್ಯ ಬರುತ್ತದೆ. ಯುದ್ಧದಿಂದ ಮರಳಿದ ಮೈಕ್‌ಗೆ ಮನೆಯಲ್ಲಿ ಔತಣ. ಟಾಮ್ ಮತ್ತು ಮ್ಯಾಟ್ ಒಂದು ಇಡೀ ಬಿಯರ್ ಪೀಪಾಯಿ ಹೊತ್ತು ತಂದು ಮೇಜಿನ ನಟ್ಟನಡುವೆ ಕೂರಿಸುತ್ತಾರೆ. ಅದರ ಗಾತ್ರಕ್ಕೆ ಎದುರು ಕೂತವರ ಮುಖ ಕಾಣುವುದಿಲ್ಲ, ಆಚೆ ಈಚೆ ಬಾಗಿ ಮಾತಾಡಬೇಕು. ಮೈಕ್ ಕುಡಿಯುವುದಿಲ್ಲ, ಮಾತೂ ಆಡುವುದಿಲ್ಲ. ಕೊನೆಗೆ ಸಿಡಿದೆದ್ದು, ಅದರಲ್ಲಿರುವುದು ಬರಿಯ ಬಿಯರಲ್ಲ, ರಕ್ತವೂ ಇದೆ ಎಂದು ಕೂಗಿ ಪೀಪಾಯಿಯನ್ನು ಎತ್ತಿ ಎಸೆಯುತ್ತಾನೆ. ಟಾಮ್ ತಿರುಗಿ ಕೊಡುವ ಏಟು ಅದಕ್ಕಿಂತ ಹರಿತ: ನಿನಗೆ ಪದಕಗಳು ಬಂದದ್ದು ಜರ್ಮನರ ಕೈಹಿಡಿದು ಕೂತದ್ದಕ್ಕಲ್ಲ, ನೀನೂ ಕೊಂದವನೇ ಎಂಬ ಅರ್ಥದ ಮಾತು.

ಇಂದಿನ ಪ್ರೇಕ್ಷಕರಿಗೆ ಮೈಕ್ ಅತಿಯಾಗಿ ಕಾಣುವುದು ಇಲ್ಲೇ. ಒಂದು ಲೋಟ ಬಿಯರಿಗೆ ಇಷ್ಟು ಕೂಗಾಟವೇ ಎನಿಸುತ್ತದೆ. ಡೊನಾಲ್ಡ್ ಕುಕ್ ಅವರ ನಟನೆ ಬಿಗಿಯಾಗಿರುವುದೂ ನಿಜ. ಆದರೆ ಅಂದು ಆ ಮಾತು ಮೇಜಿನ ಸುತ್ತ ಕೂತವರಿಗೆ ಎಷ್ಟು ತಗಲುತ್ತಿತ್ತೋ ಚಿತ್ರಮಂದಿರದಲ್ಲಿ ಕೂತವರಿಗೂ ಅಷ್ಟೇ ತಗಲುತ್ತಿತ್ತು, ಅವರಲ್ಲೂ ಎಷ್ಟೋ ಮಂದಿ ಅದೇ ಪೀಪಾಯಿಯಿಂದ ಕುಡಿದವರು. ಚಿತ್ರದ ಆರಂಭದಲ್ಲಿ, ಅಪರಾಧಿಯನ್ನು ವೈಭವೀಕರಿಸುವುದು ನಮ್ಮ ಉದ್ದೇಶವಲ್ಲ ಎಂಬ ಬರಹವಿದೆ. ಕೊನೆಯಲ್ಲಿ, ಈ ಶತ್ರು ಒಬ್ಬ ಮನುಷ್ಯನಲ್ಲ, ನಾವೆಲ್ಲ ಸೇರಿ ಬಿಡಿಸಬೇಕಾದ ಸಮಸ್ಯೆ ಎಂಬರ್ಥದ ಬರಹವಿದೆ. ಈಗ ಅದು ಚಿತ್ರಕ್ಕೆ ಅಂಟಿಸಿದ ಬುದ್ಧಿವಾದದಂತೆ ಕಾಣುತ್ತದೆ. ಸೆನ್ಸಾರ್ ಮಂಡಳಿಗಳ ಬಾಯಿ ಮುಚ್ಚಿಸಲು ಸೇರಿಸಿದ್ದೂ ಹೌದು. ಆದರೆ ಬಿಡಿಸುವುದು ಹೇಗೆ ಎಂಬುದನ್ನು ಅದು ಹೇಳುವುದಿಲ್ಲ. ಪೊಲೀಸರು ಬಿಗಿಯಾಗಬೇಕೇ, ಕೊಳ್ಳುವವರು ಕೊಳ್ಳುವುದನ್ನು ಬಿಡಬೇಕೇ, ಕಾನೂನನ್ನೇ ತೆಗೆಯಬೇಕೇ? ಆ ವರ್ಷ ದೇಶ ವಾದಿಸುತ್ತಿದ್ದದ್ದು ಇದನ್ನೇ.

ಪಾನನಿಷೇಧದ ವಾದ ಕನ್ನಡಿಗರಿಗೆ ಹೊಸತಲ್ಲ. ನಮ್ಮ ಸಂವಿಧಾನದ 47ನೇ ವಿಧಿಯೇ ಅದನ್ನು ರಾಜ್ಯಗಳ ಗುರಿಯೆಂದು ಹೇಳುತ್ತದೆ, ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕಳ್ಳಭಟ್ಟಿಯ ಸಾವುಗಳ ಸುದ್ದಿ ಓದಿದವರಿಗೆ ಮೈಕ್‌ನ ಸಿಟ್ಟು ಅಷ್ಟು ವಿಚಿತ್ರವಾಗಿ ಕಾಣದೇ ಇರಬಹುದು.

ಕ್ಯಾಗ್ನಿ ಎಂಬ ತೊಡಕು

ಬಿಡುಗಡೆಯಾದಾಗ 'ನ್ಯೂಯಾರ್ಕ್ ಟೈಮ್ಸ್' ವಿಮರ್ಶೆ ಇದನ್ನು ಮತ್ತೊಂದು ಗ್ಯಾಂಗ್‌ಸ್ಟರ್ ಚಿತ್ರ ಎಂದು ಕರೆದು, ಕತೆ ಉಳಿದವುಗಳಿಗಿಂತ ದುರ್ಬಲ, ನಟನೆ ಉಳಿದವುಗಳಿಗಿಂತ ಗಟ್ಟಿ ಎಂದಿತು. ಇಷ್ಟು ವರ್ಷಗಳಾದರೂ ಬಹುಪಾಲು ಪ್ರೇಕ್ಷಕರ ತೀರ್ಪು ಅದರ ಆಸುಪಾಸಿನಲ್ಲೇ ಇದೆ.

ಕ್ಯಾಗ್ನಿ ಹುಟ್ಟಿದ್ದು 1899ರಲ್ಲಿ, ನ್ಯೂಯಾರ್ಕಿನ ಬಡ ಬಡಾವಣೆಯಲ್ಲಿ. ಸಿನಿಮಾಕ್ಕೆ ಬರುವ ಮುನ್ನ ರಂಗದ ಮೇಲೆ ಹಾಡಿ ಕುಣಿದವರು. ಆಳು ಗಿಡ್ಡ, ಚಲನೆ ಮಿಂಚು. ಗ್ವೆನ್ ಎಂಬಾಕೆಯನ್ನು ಭೇಟಿಯಾದ ಟಾಮ್ ಕಾಲುದಾರಿಯಲ್ಲಿ ಒಂದು ಕ್ಷಣ ಕುಣಿತದ ಹೆಜ್ಜೆ ಹಾಕುತ್ತಾನೆ. ಕತೆಗೆ ಅದು ಬೇಕಿಲ್ಲ, ಆದರೆ ಅವನು ಎಷ್ಟು ಖುಷಿಯಾಗಿದ್ದಾನೆಂದು ಅದಕ್ಕಿಂತ ಚೆನ್ನಾಗಿ ಯಾವ ಮಾತೂ ಹೇಳಲಾರದು. ಗ್ವೆನ್ ಆಗಿ ಜೀನ್ ಹಾರ್ಲೊ ಇದ್ದಾರೆ. ಮುಂದೆ ದೊಡ್ಡ ತಾರೆಯಾದ ಅವರು ಇಲ್ಲಿ ಸಂಭಾಷಣೆ ಒಪ್ಪಿಸುತ್ತಾರೆ ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ.

ಮೊದಲು ಟಾಮ್ ಪಾತ್ರಕ್ಕೆ ಆಯ್ಕೆಯಾಗಿದ್ದವರು ಎಡ್ವರ್ಡ್ ವುಡ್ಸ್, ಕ್ಯಾಗ್ನಿಗೆ ಇದ್ದದ್ದು ಮ್ಯಾಟ್ ಪಾತ್ರ. ಆಮೇಲೆ ಇಬ್ಬರನ್ನೂ ಅದಲುಬದಲು ಮಾಡಿದರು, ಬಾಲ್ಯದ ಪಾತ್ರಧಾರಿಗಳನ್ನು ಮಾತ್ರ ಹಾಗೆಯೇ ಬಿಟ್ಟರು. ಚಿಕ್ಕ ಮ್ಯಾಟ್ ಕ್ಯಾಗ್ನಿಯಂತೆ, ಚಿಕ್ಕ ಟಾಮ್ ವುಡ್ಸ್‌ನಂತೆ ಕಾಣುವುದು ಅದಕ್ಕೇ. ಯಾವ ಹುಡುಗ ಯಾರಾದ ಎಂದು ತಲೆ ಕೆರೆದುಕೊಳ್ಳುವವರು ತಮ್ಮ ಕಣ್ಣನ್ನು ಅನುಮಾನಿಸಬೇಕಿಲ್ಲ.

ಮುಖ್ಯ ತೊಡಕು ಇರುವುದು ಇಲ್ಲಿ: ಬರಹ ಟಾಮ್‌ನನ್ನು ಖಂಡಿಸುತ್ತದೆ, ಕ್ಯಾಗ್ನಿ ಅವನನ್ನು ಇಷ್ಟವಾಗುವಂತೆ ಮಾಡುತ್ತಾರೆ. ಕೆಲಸವಿಲ್ಲದ ಕಾಲದಲ್ಲಿ, ಯಾರಿಗೂ ತಲೆಬಾಗದೆ ಒಳ್ಳೆಯ ಸೂಟು ಹಾಕಿಕೊಂಡು ಓಡಾಡುವ ಬಡ ಹುಡುಗ. ಅವನ ಎದುರು ರಾತ್ರಿಶಾಲೆಗೆ ಹೋಗುವ ಮೈಕ್. ಚಿತ್ರ ಯಾರ ಪರ ಎಂಬ ಬಗ್ಗೆ ನೋಡುವವರು ಒಮ್ಮತಕ್ಕೆ ಬರದಿರುವುದರಲ್ಲಿ ಆಶ್ಚರ್ಯವಿಲ್ಲ.

ಬೆಳಗಿನ ತಿಂಡಿಯ ಆ ದೃಶ್ಯ

ಚಿತ್ರ ನೋಡದವರಿಗೂ ಗೊತ್ತಿರುವ ದೃಶ್ಯ ಒಂದಿದೆ. ಬೆಳಗ್ಗೆ ತಿಂಡಿಯ ಮೇಜಿಗೆ ಬಂದ ಟಾಮ್ ಕುಡಿಯಲು ಏನಿದೆ ಎಂದು ಕೇಳುತ್ತಾನೆ. ಜೊತೆಗಿರುವ ಕಿಟಿ ತಿಂಡಿಗೆ ಮುಂಚೆ ಬೇಡ ಎನ್ನುತ್ತಾಳೆ. ಮಾತು ಬೆಳೆದು, ಅವನು ತಟ್ಟೆಯಲ್ಲಿದ್ದ ಅರ್ಧ ಹೋಳು ಗ್ರೇಪ್‌ಫ್ರೂಟನ್ನು, ಅಂದರೆ ನಮ್ಮ ಚಕ್ಕೋತದ ಜಾತಿಯ ಹಣ್ಣನ್ನು, ಅವಳ ಮುಖಕ್ಕೆ ಒತ್ತಿ ತಿರುಚುತ್ತಾನೆ. ಆ ಪಾತ್ರ ಮಾಡಿದವರು ಮೇ ಕ್ಲಾರ್ಕ್. ಹೈಮಿ ವೈಸ್ ತನ್ನ ಗೆಳತಿಯ ಮುಖಕ್ಕೆ ಆಮ್ಲೆಟ್ ಎಸೆದನೆಂಬ ಕತೆಯಿಂದ ಇದು ಹುಟ್ಟಿತೆಂದು ಕ್ಯಾಗ್ನಿ ಹೇಳಿಕೊಂಡಿದ್ದಾರೆ.

ಅಂದು ಇದನ್ನು ನಗೆಯ ಪ್ರಸಂಗವಾಗಿ ತೆಗೆದುಕೊಂಡವರು ಬಹಳ. ಹೋಟೆಲುಗಳಲ್ಲಿ ಜನ ತಮಾಷೆಗೆ ಕ್ಯಾಗ್ನಿಯವರ ಮೇಜಿಗೆ ಗ್ರೇಪ್‌ಫ್ರೂಟ್ ಕಳಿಸುವುದು ವರ್ಷಗಟ್ಟಲೆ ನಡೆಯಿತಂತೆ. ಇಂದಿನವರಿಗೆ ನಗು ಬರುವುದಿಲ್ಲ. ಮನೆಯೊಳಗಿನ ಹಿಂಸೆಯನ್ನು ನೋಡುವ ಕಣ್ಣು ಬದಲಾಗಿದೆ, ಬದಲಾಗಬೇಕಾದದ್ದೂ ಹೌದು. ಚಿತ್ರ ಮಾತ್ರ ಆ ಕ್ಷಣವನ್ನು ನಗಲೆಂದೂ ತೋರಿಸುವುದಿಲ್ಲ, ಮರುಗಲೆಂದೂ ತೋರಿಸುವುದಿಲ್ಲ. ಹಿನ್ನೆಲೆಯಲ್ಲಿ ಸಂಗೀತವಿಲ್ಲ, ಕಿಟಿಯ ಮುಖ ಕಾಣುತ್ತದೆ, ದೃಶ್ಯ ಮುಗಿಯುತ್ತದೆ. ಊರಿಗೆಲ್ಲ ಕುಡಿಸಿ ದುಡ್ಡು ಮಾಡುವವನ ಮನೆಯಲ್ಲಿ ಜಗಳ ಹತ್ತುವುದೂ ಕುಡಿತಕ್ಕೇ ಎಂಬುದನ್ನು ಗಮನಿಸಿದವರು ಕಡಿಮೆ.

ಹೊಡೆದಾಟ ಎಲ್ಲಿ?

ಈ ಚಿತ್ರದ ಕೊಲೆಗಳಲ್ಲಿ ಹೆಚ್ಚಿನವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ಗುರು ಪುಟಿ ನೋಸ್‌ನನ್ನು ಕೊಲ್ಲಲು ಟಾಮ್ ಬಂದಾಗ, ಅವನು ಜೀವಭಿಕ್ಷೆ ಬೇಡುತ್ತ ಪಿಯಾನೊ ಮುಂದೆ ಕೂತು ಹುಡುಗರಿಗೆ ಹಿಂದೆ ಹಾಡುತ್ತಿದ್ದ ಪೋಲಿ ಹಾಡನ್ನು ನುಡಿಸುತ್ತಾನೆ. ಕ್ಯಾಮೆರಾ ಅವರನ್ನು ಬಿಟ್ಟು ಬಾಗಿಲ ಬಳಿ ನಿಂತ ಮ್ಯಾಟ್ ಕಡೆಗೆ ಸರಿಯುತ್ತದೆ. ಗುಂಡಿನ ಸದ್ದು, ಪಿಯಾನೊ ಮನೆಗಳ ಮೇಲೆ ದೇಹ ಬಿದ್ದ ಅಪಸ್ವರ. ನಾವು ನೋಡುವುದು ಮ್ಯಾಟ್‌ನ ಮುಖವನ್ನಷ್ಟೇ. ಕೊನೆಯ ದೊಡ್ಡ ಕಾಳಗದಲ್ಲೂ ಟಾಮ್ ಮಳೆಯಲ್ಲಿ ಎದುರಾಳಿಗಳ ಕಟ್ಟಡದೊಳಗೆ ಹೋಗುತ್ತಾನೆ, ನಾವು ಹೊರಗೇ ಉಳಿಯುತ್ತೇವೆ.

ಇದಕ್ಕೆ ಎರಡು ಕಾರಣ. ರಾಜ್ಯ ಸೆನ್ಸಾರ್ ಮಂಡಳಿಗಳು ಕೊಲೆಯ ದೃಶ್ಯ ಕಂಡರೆ ಕತ್ತರಿ ಎತ್ತುತ್ತಿದ್ದವು. ಇನ್ನೊಂದು, ಮಾತಿನ ಚಿತ್ರಗಳು ಬಂದು ನಾಲ್ಕೇ ವರ್ಷವಾಗಿತ್ತು. ಸದ್ದಿನಿಂದ ಏನೇನು ಮಾಡಬಹುದೆಂದು ಚಿತ್ರದವರು ಆಸೆಯಿಂದ ಪ್ರಯೋಗಿಸುತ್ತಿದ್ದ ಕಾಲ. ಮ್ಯಾಟ್ ಸಾಯುವ ಮುನ್ನ ಬೀದಿಯಲ್ಲಿ ದಡದಡ ಸದ್ದಾಗಿ ಇಬ್ಬರೂ ಬೆಚ್ಚುತ್ತಾರೆ. ನೋಡಿದರೆ ಲಾರಿಯಿಂದ ಕಲ್ಲಿದ್ದಲು ಸುರಿಯುತ್ತಿರುತ್ತದೆ. ನಕ್ಕು ಹೆಜ್ಜೆಯಿಟ್ಟ ಮೇಲೆ ಬರುವುದು ನಿಜವಾದ ಮಷಿನ್‌ಗನ್. ಟಾಮ್ ತಪ್ಪಿಸಿಕೊಳ್ಳುವ ಗೋಡೆಯ ಮೂಲೆಯನ್ನು ಕಿತ್ತುಹಾಕುವ ಗುಂಡುಗಳೂ ನಿಜವಾದವೇ, ನುರಿತ ಗುರಿಕಾರನೊಬ್ಬನಿಂದ ಹಾರಿಸಿದ್ದು! ಹಿನ್ನೆಲೆ ಸಂಗೀತ ಬಹುತೇಕ ಇಲ್ಲದ ಈ ಚಿತ್ರ ಕೆಲವರಿಗೆ ಖಾಲಿಖಾಲಿ ಎನಿಸುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಕೇಳಿ ಆ ತೀರ್ಮಾನಕ್ಕೆ ಬರುವ ಮೊದಲು ಒಮ್ಮೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವುದು ಒಳಿತು.

ಎಲ್ಲರೂ ನೋಡಿದ್ದು ಒಂದೇ ಚಿತ್ರವಲ್ಲ

ಹಾಲಿವುಡ್ 1930ರಲ್ಲೇ ಚಿತ್ರಗಳಿಗೆ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡಿತ್ತು. ಅಪರಾಧಿಯ ಕಡೆಗೆ ಸಹಾನುಭೂತಿ ಹರಿಯಬಾರದು ಎಂಬುದು ಅದರ ನಿಯಮಗಳಲ್ಲಿ ಒಂದು. ಅದು ಹಲ್ಲಿಲ್ಲದ ಹಾವಾಗಿದ್ದದ್ದು 1934ರವರೆಗೆ. ಆ ವರ್ಷ ಕ್ಯಾಥೊಲಿಕ್ ಸಂಘಟನೆಗಳ ಒತ್ತಡದಿಂದ, ಆ ಸಂಹಿತೆಯನ್ನು ಜಾರಿ ಮಾಡುವ ಜೋಸೆಫ್ ಬ್ರೀನ್ ಕಚೇರಿಯ ಒಪ್ಪಿಗೆಯ ಮುದ್ರೆಯಿಲ್ಲದೆ ಚಿತ್ರ ಬಿಡುಗಡೆ ಮಾಡುವುದು ದುಸ್ತರವಾಯಿತು. ಹಳೆಯ ಚಿತ್ರಗಳ ಮರುಬಿಡುಗಡೆಗೂ ಅದೇ ಕತ್ತರಿ.

'ದಿ ಪಬ್ಲಿಕ್ ಎನಿಮಿ'ಯಿಂದ ಹೀಗೆ ಹಲವು ತುಣುಕುಗಳು ಹೋದವು. ಟಾಮ್ ಸೂಟು ಹೊಲಿಸಲು ಹೋದಾಗಿನ ದರ್ಜಿಯ ದೃಶ್ಯದ ಭಾಗ, ಅಡಗಿಕೊಂಡಿದ್ದಾಗ ಪ್ಯಾಡಿಯ ಗೆಳತಿ ಕುಡಿದ ಟಾಮ್‌ನನ್ನು ತನ್ನ ಕಡೆಗೆ ಸೆಳೆಯುವ ಪ್ರಸಂಗ ಅವುಗಳಲ್ಲಿವೆ. 1954ರಲ್ಲಿ ಇದನ್ನು 'ಲಿಟಲ್ ಸೀಸರ್' ಎಂಬ ಇನ್ನೊಂದು ಗ್ಯಾಂಗ್‌ಸ್ಟರ್ ಚಿತ್ರದ ಜೊತೆಗೂಡಿಸಿ, ಹೊಸ ಮುನ್ನುಡಿ ಸೇರಿಸಿ ಮತ್ತೆ ತೋರಿಸಿದರು. ಕಿತ್ತ ಭಾಗಗಳಲ್ಲಿ ಸಿಕ್ಕಷ್ಟು ಮರಳಿ ಸೇರಿದ್ದು 2005ರ ಡಿವಿಡಿಯಲ್ಲಿ. ಎರಡನೆಯ ಪ್ರಸಂಗ ಇಲ್ಲದಿದ್ದರೆ, ಕೊಲೆಗಾರರು ಹೊರಗೆ ಕಾಯುತ್ತಿದ್ದಾರೆಂದು ಗೊತ್ತಿದ್ದೂ ಟಾಮ್ ಸಿಟ್ಟಿನಿಂದ ಅಡಗುತಾಣ ಬಿಟ್ಟು ಏಕೆ ಹೊರಬಿದ್ದ ಎಂಬುದು ತಿಳಿಯುವುದೇ ಇಲ್ಲ. ಕತೆ ಅಲ್ಲಲ್ಲಿ ಹಾರಿದಂತಿದೆ ಎಂದ ಹಳೆಯ ಪ್ರೇಕ್ಷಕರನ್ನು ದೂರುವಂತಿಲ್ಲ.

ಮಕ್ಕಳು ಕೆಡುತ್ತಾರೆಯೇ?

ಆಗಿನ ಪ್ರೇಕ್ಷಕರ ಅಭಿಪ್ರಾಯ ಊಹೆಯ ಮಾತೇ ಆಗಬೇಕಿಲ್ಲ. ಪೇಯ್ನ್ ಫಂಡ್ ಎಂಬ ಸಂಸ್ಥೆಯ ಹಣದಿಂದ ಹಲವು ವಿದ್ವಾಂಸರು ಅದೇ ವರ್ಷಗಳಲ್ಲಿ ಸಿನಿಮಾ ಮತ್ತು ಎಳೆಯರ ಸಂಬಂಧವನ್ನು ಅಧ್ಯ­ಯನ ಮಾಡುತ್ತಿದ್ದರು. ಫಲಿತಾಂಶಗಳು 1933ರಿಂದ ಪುಸ್ತಕಗಳಾಗಿ ಬಂದವು. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್, ತಾವು ನೋಡಿದ ಸಿನಿಮಾಗಳ ಆತ್ಮಕತೆಯನ್ನೇ ಬರೆಯುವಂತೆ ಯುವಜನರನ್ನು ಕೇಳಿದರು. ಉಡುಪು, ನಡಿಗೆ, ಮಾತಿನ ಧಾಟಿ ಎಲ್ಲವನ್ನೂ ಪರದೆಯಿಂದ ಕಲಿತೆವೆಂದು ಅವರು ಬರೆದರು. ಅಪರಾಧಕ್ಕೆ ಇಳಿದಿದ್ದ ಹುಡುಗರಲ್ಲಿ ಕೆಲವರು ಗ್ಯಾಂಗ್‌ಸ್ಟರ್‌ನ ದುಡ್ಡು, ಧೈರ್ಯ ನೋಡಿ ಆಸೆಪಟ್ಟೆವು ಎಂದರು, ಕೆಲವರು ಅವನ ಅಂತ್ಯ ನೋಡಿ ಹೆದರಿದೆವು ಎಂದರು.

ಬ್ಲೂಮರ್ ಮತ್ತು ಫಿಲಿಪ್ ಹೌಸರ್ ತಲುಪಿದ ನಿಲುವು ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ. ಮನೆ, ಶಾಲೆ, ನೆರೆಹೊರೆಯ ಹಿಡಿತ ಸಡಿಲವಾದಲ್ಲಿ ಸಿನಿಮಾದ ಪ್ರಭಾವ ಹೆಚ್ಚು, ಬಿಗಿಯಾದಲ್ಲಿ ಕಡಿಮೆ. ಒಂದೇ ಚಿತ್ರ ಒಬ್ಬನಿಗೆ ಎಚ್ಚರಿಕೆಯಾಗಿಯೂ ಇನ್ನೊಬ್ಬನಿಗೆ ಆಮಿಷವಾಗಿಯೂ ಕಾಣಬಹುದು. ಪತ್ರಿಕೆಗಳು ಮತ್ತು ಸುಧಾರಕರು ಎತ್ತಿಹಿಡಿದದ್ದು ಆಮಿಷದ ಭಾಗವನ್ನು ಮಾತ್ರ. 1934ರ ಬಿಗಿಗೆ ಅದೂ ಇಂಧನವಾಯಿತು.

ನಿಷೇಧ ಹೋದ ಮೇಲೆ

1933ರ ಏಪ್ರಿಲ್‌ನಲ್ಲಿ ಹಗುರ ಬಿಯರ್ ಮತ್ತೆ ಕಾನೂನುಬದ್ಧವಾಯಿತು, ಡಿಸೆಂಬರ್ 5ರಂದು 21ನೇ ತಿದ್ದುಪಡಿಯೊಂದಿಗೆ ನಿಷೇಧವೇ ರದ್ದಾಯಿತು. ಆರ್ಥಿಕ ಕುಸಿತದಲ್ಲಿ ಸರ್ಕಾರಕ್ಕೆ ಮದ್ಯದ ತೆರಿಗೆ ಬೇಕಾಗಿದ್ದದ್ದೂ ಅದಕ್ಕೊಂದು ಕಾರಣ. 'ದಿ ಪಬ್ಲಿಕ್ ಎನಿಮಿ' ತೆರೆಕಂಡ ಮೂರು ವರ್ಷದೊಳಗೇ ಅದರ ವಸ್ತು ಇತಿಹಾಸವಾಯಿತು.

ವಾರ್ನರ್ ಬ್ರದರ್ಸ್ ಸಂಸ್ಥೆ ಗಾಳಿ ಬಂದತ್ತ ತೂರಿಕೊಂಡಿತು. 1935ರ 'ಜಿ ಮೆನ್' ಚಿತ್ರದಲ್ಲಿ ಅದೇ ಕ್ಯಾಗ್ನಿಗೆ ಅದೇ ಮುಂಗೋಪ, ಅದೇ ಬಂದೂಕು. ಈ ಸಲ ಸರ್ಕಾರದ ಏಜೆಂಟ್. 1939ರ 'ದಿ ರೋರಿಂಗ್ ಟ್ವೆಂಟೀಸ್'ನಲ್ಲಿ ಅವರು ಮತ್ತೆ ಕಳ್ಳಮದ್ಯದ ವ್ಯಾಪಾರಿ. ಆದರೆ ಈ ಬಾರಿ ಆತ ಯುದ್ಧದಿಂದ ಮರಳಿ ಕೆಲಸ ಸಿಗದೆ ದಂಧೆಗಿಳಿದ ಸೈನಿಕ, ಅಂದರೆ ಟಾಮ್ ಮತ್ತು ಮೈಕ್ ಇಬ್ಬರೂ ಒಂದೇ ಪಾತ್ರದಲ್ಲಿ ಸೇರಿಕೊಂಡಿದ್ದಾರೆ. ಸುದ್ದಿಚಿತ್ರದ ಶೈಲಿಯ ನಿರೂಪಣೆ ಇಸವಿಗಳನ್ನು ಹೇಳುತ್ತ ಹೋಗುತ್ತದೆ, ನೆನಪಿನ ಹಿತವಾದ ನೋವು ಚಿತ್ರದುದ್ದಕ್ಕೂ ಇದೆ. ನಿರ್ದೇಶಕ ರಾವೊಲ್ ವಾಲ್ಷ್ ಅವರ ಆ ಚಿತ್ರವನ್ನು ಮೊದಲು ನೋಡಿದವರಿಗೆ 1931ರದ್ದು ಒರಟಾಗಿ, ಅಂಚು ಹೊಲಿಯದ ಬಟ್ಟೆಯಂತೆ ಕಾಣುತ್ತದೆ. ಎರಡನ್ನೂ ನೋಡುವ ಮನಸ್ಸಿದ್ದರೆ 1931ರ ಚಿತ್ರವನ್ನು ಮೊದಲು ನೋಡಿ, 2005ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.